ಶಕುಂತಲಾ ಉರ್ಫ್ ಸುವರ್ಣಾ

ವಿಮಾನ ಬೀಳಬಹುದಿತ್ತು. ವಿಮಾನ ಬೀಳದಿದ್ದರೂ ನಮ್ಮ ಚೀಲ ದಾರಿ ತಪ್ಪಿ, ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಸಮೇತ ಯಾವುದೋ ಹಿಮದ ನಾಡಿನಲ್ಲಿ ಇಳಿದುಬಿಡಬಹುದಿತ್ತು. ಮನೆ ತೋರಿಸಿದವರಿಗೂ ಆ ಮನೆಗೂ ಯಾವ ಸಂಬಂಧವೂ ಇಲ್ಲದಿರಬಹುದಿತ್ತು. ಹಣ ಕಳಿಸಿದ ಮೇಲೆ ಬ್ಯಾಂಕಿನ ದೊಡ್ಡ ಸಾಹೇಬರು ಜೀಪಿನಲ್ಲಿ ಆಳಂದಕ್ಕೇ ಬಂದು, ಓಣಿಯವರೆಲ್ಲ ಕೇಳುವಂತೆ, “ಪರದೇಶದಾಗ ಮನಿ ತಗೊಂಡವ್ರು ಯಾರ್ರಿ ಇಲ್ಲಿ?” ಎನ್ನಬಹುದಿತ್ತು. ಭೂಮಿ ನಡುಗಬಹುದಿತ್ತು, ಒಮ್ಮೆ ದೊಡ್ಡ ಭೂಕಂಪ ಕಂಡ ನಮ್ಮ ಗಡಿಯ ಕಡೆ ಹುಟ್ಟಿದವರಿಗೆ ಈ ಭಯವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿನ ನಾಯಿಗಳಿಗೆ “ಹಚಾ” ಎಂದರೆ ತಿಳಿಯದಿರಬಹುದಿತ್ತು. ಕೊನೆಗೆ, ಅಲ್ಲೇ ನನ್ನ ಉಸಿರು ನಿಂತರೆ? ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಕೊಡುತ್ತಾರೆ. ಅಲ್ಲಿ ಎಲ್ಲರನ್ನೂ ಮಲಗಿಸುತ್ತಾರಂತೆ. ಕೈಲಾಸದ ಬಾಗಿಲಲ್ಲಿ “ಎಲ್ಲಾರೂ ಕೂತು ಬಂದಾರ, ನೀ ಯಾಕ ಮಲಗಿ ಬಂದಿ?” ಎಂದು ಕೇಳಿದರೆ ನಾನು ಏನು ಹೇಳಲಿ?

ಇಷ್ಟನ್ನೂ ನಾನು ಒಂದೊಂದೇ ಬೆರಳು ಮಡಿಚುತ್ತ ಒಪ್ಪಿಸಿದಾಗ ನಮ್ಮ ಇವರು (ಶಿವಶರಣಪ್ಪ ಎಂದು ಬರೆಯಬಲ್ಲೆ, ಬಾಯಿಬಿಟ್ಟು ಹೇಳಲಾರೆ) ಹಲ್ಲುಜ್ಜುವುದನ್ನು ನಿಲ್ಲಿಸದೆಯೇ ಉತ್ತರ ಕೊಟ್ಟರು.

“ನಿನಗ ಒಂದಿನ ಫಿಕರ್ ಇಲ್ಲಂದ್ರ, ಯಾಕ ಇಲ್ಲ ಅಂತ ಅದರದೇ ಫಿಕರ್ ಹತ್ತತದ ಬೇ.”

ಸುಳ್ಳಲ್ಲ. ಬೆಳಗಿನ ಚಹಾದ ಜೊತೆ ಒಂದಿಷ್ಟು ಚಿಂತೆ ಮಾಡದಿದ್ದರೆ ನನಗೆ ತಲೆನೋವು ಬರುತ್ತದೆ. ನನ್ನ ಚಿಂತೆಯಿಂದಲೇ ಈ ಸಂಸಾರ ಇಲ್ಲಿಯವರೆಗೆ ಉಳಿದು ಬಂದಿದೆ ಎಂಬುದು ನನ್ನ ನಂಬಿಕೆ. ನಾನು ಚಿಂತೆ ಮಾಡಿದ್ದು ಯಾವುದೂ ಇದುವರೆಗೆ ಆಗಿಲ್ಲವಲ್ಲ, ಇದಕ್ಕಿಂತ ಸಾಕ್ಷಿ ಏನು ಬೇಕು?

ನಮ್ಮಂಥವರಿಗೆ ಪರದೇಶದ ಮನೆ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳಬಹುದು. ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದಾರೆ. ಆಳಂದದಲ್ಲಿ ನಮ್ಮದೊಂದು ತೊಗರಿಬೇಳೆಯ ಮಿಲ್ಲು. ಬೇಳೆ ಯಂತ್ರ ಮಾರುವ ಕಂಪನಿಯವರು ಒಂದು ವರ್ಷ ಗಿರಾಕಿಗಳನ್ನೆಲ್ಲ ಸಂಸಾರಸಮೇತ ಯೂರೋಪ್ ಪ್ರವಾಸಕ್ಕೆ ಕರೆದುಕೊಂಡು ಹೋದರು. ಪೋರ್ಚುಗಲ್ ಎಂಬ ದೇಶದ ಒಳನಾಡಿನಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. (ಬಸ್ಸು ಕೆಡುತ್ತದೆಂದು ನಾನು ಬೆಳಿಗ್ಗೆಯೇ ಹೇಳಿದ್ದೆ. ಆಗಿಲ್ಲ ಎಂದು ಮೇಲೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳಿ.) ಉಳಿದವರು ಡ್ರೈವರನ ಮೇಲೆ ಕೂಗಾಡುತ್ತಿದ್ದಾಗ ನಾನು ಇಳಿದು ಸುತ್ತ ನೋಡಿದೆ. ಸಪಾಟು ಬಯಲು, ಬಿರುಬಿಸಿಲು, ಒಣಗಿದ ಹುಲ್ಲು. ಸುಣ್ಣ ಬಳಿದ ಗಿಡ್ಡ ಮನೆಗಳು. ಸುಣ್ಣದ ಗೋಡೆಯ ಬುಡಕ್ಕೆ ನಮ್ಮ ಕಡೆ ಕೆಮ್ಮಣ್ಣಿನ ಪಟ್ಟಿ ಎಳೆದ ಹಾಗೆ ನೀಲಿಯ ಪಟ್ಟಿ. ಮನೆಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಕೆಲಸವಿಲ್ಲದ ನಾಲ್ಕು ಮುದುಕರು, ಕೆಟ್ಟ ಬಸ್ಸನ್ನು ನೋಡುವುದರಲ್ಲಿ ಅವರಿಗಿದ್ದ ತನ್ಮಯತೆ!

“ರೀ, ಇದು ನಿಂಬರ್ಗಾ ಅದ,” ಎಂದೆ ನಾನು, ನಮ್ಮ ಆಳಂದದ ಹತ್ತಿರದ ಹಳ್ಳಿ ನೆನಪಾಗಿ.

ಅಮೇಲಿಯಾ ಎಂಬ ದಪ್ಪನೆಯ ಹೆಂಗಸು ಹೊರಗೆ ಬಂದು ನನ್ನ ಕೈ ಹಿಡಿದು ತನ್ನ ಕಟ್ಟೆಯ ಮೇಲೆ ಕೂಡ್ರಿಸಿ, ತಂಬಿಗೆಯಂಥದ್ದರಲ್ಲಿ ನೀರು ಕೊಟ್ಟಳು. ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ತಿಳಿಯದಿದ್ದರೂ ಮೊಣಕಾಲು ನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಅವಳ ಪಕ್ಕದ ಮನೆಯ ಬಾಗಿಲಿಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗುತ್ತಿತ್ತು. ಎರಡು ಕೋಣೆ, ಒಂದು ಒಲೆ, ಹಿಂದೆ ಒಂದು ನಿಂಬೆಗಿಡ. ಕಲಬುರಗಿಯ ರಿಂಗ್ ರೋಡಿನ ಆಚೆ ಒಂದು ಸೈಟಿಗೆ ಕೊಡುವಷ್ಟೇ ಬೆಲೆ.

ಜನ ಸಾವಿರಾರು ಮೈಲಿ ಹಾರಿಹೋಗಿ ಸಮುದ್ರದ ದಂಡೆಯಲ್ಲಿ ಮನೆ ಕೊಳ್ಳುತ್ತಾರೆ. ನಾನು ಸಾವಿರಾರು ಮೈಲಿ ಹಾರಿ ಇನ್ನೊಂದು ನಿಂಬರ್ಗಾ ಹುಡುಕಿದೆ. “ಸಮುದ್ರ ಎಷ್ಟು ದೂರ ಅದ ವೈನಿ?” ಎಂದು ಕೇಳಿದವರಿಗೆ, “ಆಳಂದದಿಂದ ಜೇವರ್ಗಿಗಿಂತ ಜರಾ ಹೆಚ್ಚು,” ಎಂದು ಹೇಳಿ ಸುಮ್ಮನಾಗುತ್ತೇನೆ.

ಆಸೆಗೆ ಕಾರಣವಿತ್ತು. ನನ್ನ ಆಯುಷ್ಯದಲ್ಲಿ ಒಂದು ಮನೆಯ ಬೀಗವನ್ನು ನಾನೇ ಹಾಕಿ ನಾನೇ ತೆಗೆದವಳಲ್ಲ. ತವರು ಖಜೂರಿಯ ಮನೆಯ ಬಾಗಿಲು ಹಾಕುತ್ತಲೇ ಇರಲಿಲ್ಲ; ಹೆದ್ದಾರಿಯ ಟ್ರಕ್ಕಿನವರು ಸುದ್ದಾ ನೀರು ಕೇಳಿಕೊಂಡು ಅಡುಗೆಮನೆಯವರೆಗೆ ಬರುತ್ತಿದ್ದರು. ಗಂಡನ ಊರಾದ ಅಫಜಲಪುರದ ಕಡೆಯ ಕರಜಗಿಯಲ್ಲಿ ಮನೆ ತುಂಬ ಜನ. ಆಳಂದಕ್ಕೆ ಬಂದ ಮೇಲೆ ಮಿಲ್ಲಿನ ಹಿಂದೆಯೇ ಮನೆ, ಕೀಲಿ ಅತ್ತೆಯವರ ಸೆರಗಿನಲ್ಲಿ. ಹಾಗೆ ನೋಡಿದರೆ ನನ್ನದೇ ಮನೆ ಎಂಬುದು ಇದ್ದದ್ದು ಸಣ್ಣವಳಿದ್ದಾಗ ಒಂದೇ ಸಲ, ಅದೂ ಪರರಾಜ್ಯದಲ್ಲಿ. ನಮ್ಮ ಹೊಲದ ಬದುವಿನಲ್ಲಿ ಗಡಿಯ ಕಲ್ಲೊಂದಿತ್ತು. ಅದರ ಈಚೆ ಕರ್ನಾಟಕ, ಆಚೆ ಮಹಾರಾಷ್ಟ್ರ. ಜೋಳದ ದಂಟು ನಿಲ್ಲಿಸಿ ಮನೆ ಕಟ್ಟಿ ಆಡುವಾಗ ಪಡಸಾಲೆ ಈಚೆ, ಅಡುಗೆಮನೆ ಆಚೆ. ಅಣ್ಣ ಸಿದ್ರಾಮ ನೆಂಟನಾಗಿ ಬಂದರೆ ಪಡಸಾಲೆಯಲ್ಲಿ ಕನ್ನಡ ಮಾತಾಡಿ, ಅಡುಗೆಮನೆಗೆ ಹೋಗಿ ಮರಾಠಿಯಲ್ಲಿ ಚಹಾ ಕೇಳಬೇಕು. ಆಗಲೂ ನನಗೆ, ಮಹಾರಾಷ್ಟ್ರದ ಪೊಲೀಸರು ಬಂದು ಒಲೆ ಜಪ್ತಿ ಮಾಡಿದರೆ ಹೇಗೆ ಎಂಬ ಚಿಂತೆ ಇದ್ದೇ ಇತ್ತು.

ಅಪ್ಪ ಹೋದ ಮೇಲೆ ಅಣ್ಣ ಅದೇ ಹೊಲದಲ್ಲಿ ನನ್ನ ಪಾಲನ್ನು ಅಕ್ಕರೆಯಿಂದ ಬೇರೆ ಮಾಡಿ ಕೊಟ್ಟ. ಅದನ್ನು ಮಾರಿದ ಹಣವೇ ಪೋರ್ಚುಗಲ್ಲಿನ ಎರಡು ಕೋಣೆಯಾಗುವುದೆಂದು ತೀರ್ಮಾನವಾಯಿತು. ಮನೆ ಇಬ್ಬರ ಹೆಸರಿನಲ್ಲೂ ಇರಲಿ ಎಂದು ಇವರೇ ಹೇಳಿದರು. ಅಲ್ಲಿ ನಮ್ಮ ಪರವಾಗಿ ಇನೇಸ್ ಎಂಬ ವಕೀಲೆಯನ್ನು ಗೊತ್ತು ಮಾಡಿದೆವು. ನಮ್ಮ ಅತ್ತೆಯವರ ಬಾಯಲ್ಲಿ ಆಕೆ ಮರುದಿನವೇ ಇನೇಸಬಾಯಿಯಾದಳು.

ಇನೇಸಬಾಯಿಯ ಮೊದಲ ಪ್ರಶ್ನೆ: ನೀವು ವಿವಾಹಿತರು, ಸರಿ, ನಿಮ್ಮ ದೇಶದ ಕಾಯಿದೆಯಲ್ಲಿ ಗಂಡ ಹೆಂಡತಿಯ ಆಸ್ತಿ ಕೂಡಿರುತ್ತದೆಯೋ, ಬೇರೆಬೇರೆಯೋ? ಆ ದೇಶದಲ್ಲಿ ಖರೀದಿಪತ್ರದಲ್ಲೇ ಇದನ್ನು ಬರೆಯಬೇಕಂತೆ. ಕಲಬುರಗಿಯ ವಕೀಲರನ್ನು ಕೇಳಿ, “ಬೇರೆಬೇರೆ ಅಂತ ಬರೀರಿ,” ಎಂದು ಇವರು ಫೋನಿನಲ್ಲಿ ಹೇಳುತ್ತಿದ್ದುದು ಅತ್ತೆಯ ಕಿವಿಗೆ ಬಿತ್ತು.

“ಯಾಕೋ ಶಿವಾ, ಬ್ಯಾರೆ ಆಗಾಕತ್ತೀರೇನು?” ಎಂದು ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತರು. “ಆಗೋದೇ ಇದ್ರ ಇಲ್ಲೇ ಎರಡು ಒಲಿ ಹೂಡ್ರಿ. ಬ್ಯಾರೆ ಆಗಾಕ ಸಮುದ್ರ ದಾಟಿ ಯಾಕ ಹೋಗ್ಬೇಕು?”

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂತು. ಮದುವೆಯ ಆಧಾರ, ಹಣದ ಮೂಲ, ಪಾಸ್‌ಪೋರ್ಟು ಇಷ್ಟನ್ನು ಆಕೆ ಕೇಳಿದ್ದಳು. ಮದುವೆ ನೋಂದಣಿ ಮಾಡಿಸುವ ರೂಢಿ ನಮ್ಮ ಕಾಲದಲ್ಲಿ ಎಲ್ಲಿತ್ತು? ಲಗ್ನಪತ್ರಿಕೆ, ಫೋಟೋ, ಹೊಲ ಮಾರಿದ ಕಾಗದ ಎಲ್ಲ ಕಳಿಸಿದ್ದೆವು. ಅದನ್ನೆಲ್ಲ ಮುಂದಿಟ್ಟುಕೊಂಡು ಆಕೆ ಬಹಳ ಸೌಜನ್ಯದಿಂದ ಬರೆದಿದ್ದಳು: ಶ್ರೀಯುತರ ಮೊದಲ ಪತ್ನಿ ಶಕುಂತಲಾ ಅವರು ಈಗ ಎಲ್ಲಿದ್ದಾರೆ? ವಿಚ್ಛೇದನವಾಗಿದ್ದರೆ, ಅಥವಾ ಅವರು ತೀರಿಕೊಂಡಿದ್ದರೆ, ಅದರ ಪ್ರಮಾಣಪತ್ರ ಬೇಕು. ಬದುಕಿದ್ದರೆ, ತಂದೆಯ ಹೊಲ ಮಾರಿದ ಹಣದಲ್ಲಿ ಮಾಜಿ ಗಂಡನಿಗೂ ಆತನ ಈಗಿನ ಹೆಂಡತಿ ಸುವರ್ಣಾ ಅವರಿಗೂ ರಜೆಯ ಮನೆ ಕೊಡಿಸುತ್ತಿರುವುದು ಸ್ವಂತ ಇಚ್ಛೆಯಿಂದಲೇ ಎಂದು ಅವರಿಂದ ಬರೆಸಿ ಕಳಿಸಿ.

ಓದಿ ಇವರಿಗೆ ಚಹಾ ನೆತ್ತಿಗೇರಿತು.

“ಎಂಥ ದೊಡ್ಡ ಮನಸ್ಸಿನಾಕಿ ನೋಡು! ನೀ ಒಂದಿನಾರ ಆಕಿಗೆ ಉಪಕಾರ ಆತು ಅಂದೀಯೇನು?”

“ಆಕಿ ತೀರಿಕೊಂಡಾಳ ಅಂತ ಬರದ್ಬಿಡ್ಲೇನ್ರಿ?”

“ಛೇ ಛೇ, ಬ್ಯಾಡ. ಮದಲಿನಾಕಿ ಬಾಳ ಛಲೋ ಇದ್ಲು. ಇದ್ದದ್ದು ಎರಡೇ ದಿನ. ಆ ಎರಡು ದಿನದಾಗ ನನಗ ಒಂದು ಮಾತು ಎದುರಾಡ್ಲಿಲ್ಲ.”

ನಾನೂ ನಕ್ಕೆ. ನಗುತ್ತಲೇ ಅಡುಗೆಮನೆಗೆ ಹೋದವಳು ಯಾಕೋ ಒಲೆಯ ಮುಂದೆ ಸುಮ್ಮನೆ ನಿಂತೆ. ಶಕುಂತಲಾ ಈಗ ಎಲ್ಲಿದ್ದಾಳೆ ಎಂದು ಇಷ್ಟು ವರ್ಷಗಳಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಮದುವೆಯಾಗಿ ಗಂಡನ ಮನೆಗೆ ಬಂದ ಹುಡುಗಿಗೆ ಅಲ್ಲಿ ಹೊಸ ಹೆಸರಿಡುವುದು ನಮ್ಮಲ್ಲಿ ಅನೇಕರ ಪದ್ಧತಿ. ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ಗಂಡ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಕೂಡಿದವರೆಲ್ಲ ಬಗ್ಗಿ ಓದುತ್ತಾರೆ, ಸಕ್ಕರೆ ಹಂಚುತ್ತಾರೆ, ಮುಗಿಯಿತು. ಸಂಜೆ ಅದೇ ಅಕ್ಕಿಯಲ್ಲಿ ಅನ್ನವಾಗುತ್ತದೆ. ಕರಜಗಿಯ ಮನೆಯಲ್ಲಿ ಇವರ ಸೋದರತ್ತೆಯೊಬ್ಬರು ಇದ್ದರು. ಅವರ ಹೆಸರೂ ಶಕುಂತಲಾ. “ಹಿರೇರ ಹೆಸರು ಹಿಡದು ಸೊಸೀನ್ನ ಬೈಯೋದು ಹೆಂಗ? ಬೈಯಾಕ ಬರೂವಂಥಾ ಹೆಸರು ಬೇಕು,” ಎಂದು ಅತ್ತೆ ಮುಂದಾಲೋಚನೆ ಮಾಡಿ ಸುವರ್ಣಾ ಎಂದು ಆರಿಸಿದ್ದರು. ಹೆಸರು ಬಹಳ ಅನುಕೂಲವಾಗಿ ಬಂತು ಎಂಬುದಕ್ಕೆ ನಾನೇ ಸಾಕ್ಷಿ. ರೇಷನ್ ಕಾರ್ಡಿನಲ್ಲಿ ಸುವರ್ಣಾ ಎಂದಾಯಿತು. ಅದನ್ನು ನೋಡಿ ಮತದಾರರ ಪಟ್ಟಿ, ಅದನ್ನು ನೋಡಿ ಆಧಾರ್, ಅದನ್ನು ನೋಡಿ ಪಾಸ್‌ಪೋರ್ಟು. ಶಕುಂತಲಾ ಮಾತ್ರ ಖಜೂರಿಯಲ್ಲಿ ಹೊಲದ ಕಾಗದದೊಳಗೆ ಉಳಿದಳು. ನಮ್ಮಲ್ಲಿ ಇದು ಯಾರಿಗೂ ಅಡಚಣೆಯಲ್ಲ. ಹೊಲದ ಕಾಗದ ನೋಡುವ ತಲಾಟಿಯ ಹೆಂಡತಿಗೂ ಎರಡು ಹೆಸರು. ಪೋರ್ಚುಗಲ್ಲಿಗೆ ಇದನ್ನು ತಿಳಿಸುವುದು ಹೇಗೆ?

ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದೆ. ಇನೇಸಬಾಯಿ ಓದಿ, ಅಕ್ಕಿಯ ತಾಟಿನ ವಿಷಯ ತನಗೆ ಬಹಳ ಹಿಡಿಸಿತು, ಆದರೆ ತಾಟನ್ನು ಪುರಾವೆಯಾಗಿ ಒಪ್ಪಲು ಬರುವುದಿಲ್ಲ ಎಂದಳು. ಎರಡೂ ಹೆಸರಿರುವ ಸರ್ಕಾರಿ ವಿವಾಹ ಪ್ರಮಾಣಪತ್ರ ಬೇಕು. ಮಾರುವವರು ಆಲಿವ್ ಕಾಯಿಯ ಕೊಯ್ಲು ಮುಗಿಯುವವರೆಗೆ ಮಾತ್ರ ಕಾಯುತ್ತಾರೆ. ಅಷ್ಟರಲ್ಲಿ ಆಗದಿದ್ದರೆ, ಇಬ್ಬರ ಬದಲು ಗಂಡನ ಹೆಸರಿಗೆ ಮಾತ್ರ, ಗಂಡನ ಹಣದಿಂದಲೇ ಮಾಡಿಕೊಳ್ಳುವುದು ಸುಲಭ.

ಸುಲಭದ ದಾರಿ ಸಿಕ್ಕಿತೆಂದರೆ ಎಲ್ಲರೂ ಅದೇ ದಾರಿಯ ಮುಂದೆ ಬಂದು ನಿಂತು ಕೈ ಮಾಡುತ್ತಾರೆ. ಬ್ಯಾಂಕಿನವರು ಅದನ್ನೇ ಅಂದರು. ಖಜೂರಿಯಿಂದ ಅಣ್ಣ ಫೋನ್ ಮಾಡಿ, “ಶಕ್ಕು, ಶಿವಶರಣಪ್ಪನೋರ ಹೆಸರಿಗೇ ಆಗ್ಲಿ ಬಿಡವಾ. ಮನಿ ಏನು ಎಲ್ಲಿ ಹೋಗ್ತದ?” ಎಂದ. ಇವರೂ ಊಟ ಮಾಡುತ್ತ, “ಮಿಲ್ಲಿನ ರೊಕ್ಕ ಹಾಕ್ತೇನಿ. ನಿನ್ನ ಹೊಲದ ರೊಕ್ಕ ನಿನ್ನ ಹಂತ್ಯಾಕೇ ಇರ್ಲಿ,” ಎಂದರು. ಎಲ್ಲರ ಮಾತಿನಲ್ಲೂ ನ್ಯಾಯವಿತ್ತು. ನನ್ನಂಥ ಚಿಂತೆಗಾರ್ತಿ ಇಂಥ ಸುಲಭವನ್ನು ಬಿಡಬಾರದು.

“ಬ್ಯಾಡ್ರಿ,” ಎಂದೆ. “ನನ್ನ ಹೆಸರು ಇಲ್ಲಂದ್ರ ಆ ಮನಿ ಬ್ಯಾಡ.”

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ನನಗೂ ಗಾಬರಿಯಾಯಿತು, ಅಷ್ಟು ಗಟ್ಟಿಯಾಗಿ ಮಾತಾಡುವ ಅಭ್ಯಾಸ ನನ್ನ ಎರಡೂ ಹೆಸರಿಗೆ ಇರಲಿಲ್ಲ.

ಇವರು ನನ್ನನ್ನು ಒಂದು ಗಳಿಗೆ ನೋಡಿ, “ಹಂಗಾರ ನಾಳಿ ಗಾಡಿ ತಗೀತೇನಿ. ಲಗ್ನ ಮಾಡ್ಸಿದ ಅಯ್ಯನೋರು ಎಲ್ಲಿ ಅದಾರ?” ಎಂದರು.

ಅಯ್ಯನವರು ಜೇವರ್ಗಿಯಲ್ಲಿ ಮಗಳ ಮನೆಯಲ್ಲಿದ್ದರು. ನೋಂದಣಿಗೆ ಮದುವೆ ಕಂಡವರ ಸಾಕ್ಷಿ ಬೇಕು. ಮದುವೆ ಮಾಡಿಸಿದವರಿಗಿಂತ ಸಾಕ್ಷಿ ಯಾರು? ವಯಸ್ಸಾಗಿದ್ದರೂ ಬೆನ್ನು ನೆಟ್ಟಗಿಟ್ಟು ಮಂಚದ ಮೇಲೆ ಕೂತಿದ್ದರು. ಎಲ್ಲ ಕೇಳಿ ತಲೆಯಾಡಿಸಿದರು.

“ನಾ ಖಜೂರ್ಯಾಗ ಲಗ್ನ ಮಾಡ್ಸಿದ್ದು ಶಕುಂತಲಾಂದು. ಈ ಸುವರ್ಣಾ ಯಾರು?”

“ಇಕೀನೇರಿ ಅಯ್ಯನೋರ,” ಎಂದರು ಇವರು.

“ನೀ ಅಂತಿ. ಆ ಅಕ್ಕಿ ತಾಟು ನಾ ನೋಡಿಲ್ಲಪ. ನೋಡಲಾರ್ದಕ್ಕ ಈ ವಯಸ್ಸಿನಾಗ ಸಹಿ ಮಾಡ್ಲೇನು? ನಿನ್ನ ಜೋಡಿ ಆವತ್ತು ಕೂತಾಕಿ ಇಕೀನೇ ಅಂತ ನನಗ ಹೆಂಗ ಗುರುತು ಹತ್ತಬೇಕು? ಆಕಿ ಕಡ್ಡಿಯಂಗ ಇದ್ಲು.”

ಕಡ್ಡಿಯ ಮಾತಿಗೆ ಇವರು ಕೆಮ್ಮಿದರು.  ನನ್ನ ಗಮನ ಬೇರೆ ಕಡೆ ಇತ್ತು. ಅವರ ತಲೆಯ ಮೇಲೆಯೇ ತಿರುಗುತ್ತಿದ್ದ ಫ್ಯಾನು ಒಂದು ಸುತ್ತಿಗೊಮ್ಮೆ ಕಟಕ್ ಎನ್ನುತ್ತಿತ್ತು.

“ಅಯ್ಯನೋರ,” ಎಂದೆ ತಡೆಯಲಾರದೆ, “ಜರಾ ಈ ಕಡಿ ಸರದು ಕೂಡ್ರಿ. ಆ ಫ್ಯಾನ್ ಬೀಳ್ತದೇನು ಅಂತ.”

ಅಯ್ಯನವರು ಫ್ಯಾನು ನೋಡಿದರು. ನನ್ನನ್ನು ನೋಡಿದರು. ಹಲ್ಲಿಲ್ಲದ ಬಾಯಿ ನಿಧಾನವಾಗಿ ಅಗಲವಾಯಿತು.

“ಏ, ಆಕೀನೇ ಬಿಡು! ತಾಳಿ ಕಟ್ಟೂ ಹೊತ್ತಿನ್ಯಾಗ ‘ಹಂದರ ಬೀಳ್ತದೇನ್ರಿ ಅಯ್ಯನೋರ’ ಅಂತ ಮ್ಯಾಲ ನೋಡಾಕತ್ತಿದ್ದಿ. ನಾ ಎಷ್ಟು ಲಗ್ನ ಮಾಡ್ಸೇನಿ, ಮದುಮಗಳು ಹಂದರದ ಫಿಕರ್ ಮಾಡಿದ್ದು ಅದೊಂದೇ. ಎಲ್ಲಿ ಮಾಡ್ಬೇಕು ಹೇಳು ಸಹಿ.”

ಇಡೀ ಬದುಕಿನಲ್ಲಿ ನನ್ನ ಚಿಂತೆ ಉಪಯೋಗಕ್ಕೆ ಬಂದದ್ದನ್ನು ಕಣ್ಣಾರೆ ಕಂಡಿದ್ದು ಅಂದೇ. ಜೇವರ್ಗಿಯಿಂದ ಬರುವ ದಾರಿಯುದ್ದಕ್ಕೂ ಇವರದು ಅದೇ ಮಾತು: ಹೆಸರು ಬದಲಿ ಮಾಡಿದ್ರು, ಖೋಡಿ ಗುಣ ಬದಲಿ ಮಾಡಲಿಕ್ಕೆ ಆಗಲಿಲ್ಲ.

ಅಯ್ಯನವರು ಶಕುಂತಲಾಗೆ ಸಾಕ್ಷಿಯಾದರು. ಅಕ್ಕಿಯ ತಾಟಿನ ಸಾಕ್ಷಿಗೆ ಅತ್ತೆಯವರೇ ಬರಬೇಕಾಯಿತು. ಆಳಂದದ ನೋಂದಣಿ ಕಚೇರಿಗೆ ಅವರು ಇಳಕಲ್ ಸೀರೆ ಉಟ್ಟು, ನನ್ನ ಅಣ್ಣನ ತೋಳು ಹಿಡಿದು, ಮದುವೆಗೆ ಬಂದವರಂತೆಯೇ ಬಂದರು. ಕಚೇರಿಯವರು ಎಲ್ಲ ಕೇಳಿಕೊಂಡು, “ಹೌದ್ರಿ ಅಮ್ಮಾ, ನಮ್ಮ ಅಕ್ಕಂದೂ ಹಿಂಗೇ ಅದ. ನಡುವ ಉರ್ಫ್ ಅಂತ ಬರದ್ರ ಕೆಲಸ ಆಗ್ತದ,” ಎಂದರು.

“ಉರ್ಫಾ?” ಅತ್ತೆ ಸೆಟೆದು ಕೂತರು. “ಅದು ಪೊಲೀಸ್ ಠಾಣೇದಾಗ ಕಳ್ಳರ ಫೋಟೋದ ಕೆಳಗ ಬರೀತಾರಲ್ಲ? ನನ್ನ ಸೊಸಿ ಏನು ಡಾಕು ಏನ್ರಿ?”

“ಕಳ್ಳರಿಗಷ್ಟೇ ಅಲ್ರಿ. ಎರಡು ಹೆಸರು ಇದ್ದೋರಿಗೆಲ್ಲ ಅದೇ. ಯಾವ್ದು ಮೊದಲ ಬರೀಲಿ, ಅದನ್ನ ಹೇಳ್ರಿ.”

ನಾನು ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದೆ. ಅವರು ಇವರ ಮುಖ ನೋಡಿದರು. ಇವರು ಗೋಡೆಯ ಕ್ಯಾಲೆಂಡರ್ ನೋಡಿದರು. ಅಣ್ಣ ಚಪ್ಪಲಿ ನೋಡಿಕೊಂಡ. ಕೊನೆಗೆ ಅತ್ತೆಯೇ ಗದರಿದರು: “ನನ್ನ ಯಾಕ ನೋಡ್ತಿ? ಹೆಸರು ನಿನ್ನವು. ನೀನೇ ಹೇಳು.”

“ಶಕುಂತಲಾ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ಅತ್ತೆಗೆ ನೋವಾಯಿತೇನೋ, ಕಚೇರಿಯವರಿಗೆ ಕೇಳಿಸಿತೋ ಇಲ್ಲವೋ, ಇಷ್ಟು ವರ್ಷ ಸುವರ್ಣಾ ಎಂದವರು ಏನೆಂದುಕೊಳ್ಳುತ್ತಾರೋ ಎಂದು ಬೆರಳು ಮಡಿಚುವುದಕ್ಕೂ ಶುರು ಮಾಡಿದ್ದೆ.

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಕಚೇರಿಯವರತ್ತ ತಿರುಗಿ, “ಬರ್ಕೋರಿ. ಹುಟ್ಟಿದ್ದು ಮೊದಲ, ಮದಿವಿ ಆಮ್ಯಾಲ. ಬರೋಬ್ಬರಿ ಅದ,” ಎಂದು ಹೆಬ್ಬೆಟ್ಟು ಮುಂದೆ ಚಾಚಿದರು.

ಆಲಿವ್ ಕೊಯ್ಲು ಇನ್ನೂ ನಡೆದಿರುವಾಗಲೇ ನಾವು ಹೋದೆವು. ವಿಮಾನ ಬೀಳಲಿಲ್ಲ. ಚೀಲ ನಮ್ಮ ಜೊತೆಗೇ ಇಳಿಯಿತು. ಬ್ಯಾಂಕಿನವರು ಜೀಪಿನಲ್ಲಿ ಬರಲಿಲ್ಲ. ನೋಟರಿ ಎಂಬ ಹಿರಿಯ ಹೆಂಗಸು ಕನ್ನಡಕ ಏರಿಸಿ, ಖರೀದಿಪತ್ರವನ್ನು ಮೊದಲಿಂದ ಕೊನೆಯವರೆಗೆ ಪುರಾಣ ಓದಿದ ಹಾಗೆ ರಾಗವಾಗಿ ಓದಿದರು. ಆ ದೇಶದ ಪದ್ಧತಿ ಅದು. ತಿಳಿಯದ ಆ ಮಾತಿನ ಹೊಳೆಯಲ್ಲಿ ನನ್ನ ಎರಡು ಹೆಸರುಗಳು ಜೊತೆಯಾಗಿ ತೇಲಿಬಂದಾಗ ಇವರು ನನ್ನ ಮೊಣಕೈ ತಿವಿದರು. ಸಹಿ ಹಾಕಿದೆ. ಇನೇಸಬಾಯಿ ನನ್ನನ್ನು ಅಪ್ಪಿಕೊಂಡು, ಕೀಲಿಯನ್ನು ನನ್ನ ಕೈಯಲ್ಲೇ ಇಟ್ಟಳು.

ತಪ್ಪಿದ್ದು ಒಂದೇ. ನಾವು ಮನೆಯ ಮುಂದೆ ಇಳಿದಾಗ ಅಮೇಲಿಯಾ ಓಡಿಬಂದು ನನ್ನ ಕೈ ಹಿಡಿದು ಬಾಗಿಲ ಪಕ್ಕಕ್ಕೆ ಎಳೆದುಕೊಂಡು ಹೋದಳು. ಹೊಸ ನೆರೆಯವರಿಗೆ ಉಡುಗೊರೆಯಾಗಿ ನೀಲಿ ಹೂಬಳ್ಳಿಯ ಪಿಂಗಾಣಿ ಬಿಲ್ಲೆಯೊಂದನ್ನು ಮಾಡಿಸಿ, ಗೋಡೆಗೆ ಸಿಮೆಂಟಿನಿಂದ ಭದ್ರವಾಗಿ ಕೂರಿಸಿದ್ದಳು. ಮನೆಯ ಒಡತಿಯ ಹೆಸರೇನೆಂದು ವಕೀಲರ ಕಚೇರಿಗೆ ಫೋನ್ ಮಾಡಿ ಕೇಳಿದ್ದಾಳೆ. ಅವರು ಎರಡು ಹೆಸರು ಹೇಳಿದ್ದಾರೆ. ಈಕೆ ನಡುವೆ ‘ಮತ್ತು’ ಹಾಕಿಸಿದ್ದಾಳೆ. ‘ಶಕುಂತಲಾ ಮತ್ತು ಸುವರ್ಣಾ ಅವರ ಮನೆ’ ಎಂದು ಇನೇಸಬಾಯಿ ನಮಗೆ ಓದಿ ಹೇಳಿ, ಬಾಯಿಗೆ ಕೈ ಅಡ್ಡ ಹಿಡಿದಳು. ಇವರ ಹೆಸರಿನ ಸುಳಿವಿಲ್ಲ. ಕಿತ್ತರೆ ಬಿಲ್ಲೆ ಒಡೆಯುತ್ತದೆ, ಅಮೇಲಿಯಾಳ ಮನಸ್ಸೂ ಒಡೆಯುತ್ತದೆ.

ಎಲ್ಲರೂ ಹೋದ ಮೇಲೆ ನಾನು ಬೀಗ ತೆಗೆದು ಒಳಗೆ ಹೋದೆ. ಇವರು ಬರಲಿಲ್ಲ. ಚೀಲ ಹಿಡಿದುಕೊಂಡು ಬಿಲ್ಲೆಯನ್ನೇ ನೋಡುತ್ತ ನಿಂತಿದ್ದರು. ಬೇಸರವಾಯಿತೇನೋ ಎಂದು ನನಗೆ ಚಿಂತೆ ಹತ್ತಿತು. ಏನು ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ ಇವರು ಕೈಚಾಚಿ ಬಾಗಿಲನ್ನು ಹೊರಗಿನಿಂದ ಮುಂದಕ್ಕೆಳೆದುಕೊಂಡರು. ಆಮೇಲೆ ಮೆಲ್ಲಗೆ ಬಾಗಿಲು ಬಡಿದ ಸದ್ದು.

“ಯಾರ್ರಿ ಅದು?” ಎಂದೆ.

“ನಾವು ಆಳಂದದವ್ರು. ಒಳಗ ಯಾರಿದ್ದೀರಿ?”

“ಇಬ್ಬರು ಇದ್ದೇವಿ. ನಿಮಗ ಯಾರು ಬೇಕು?”

ಹೊರಗೆ ಚೀಲ ಕೆಳಗಿಟ್ಟ ಸದ್ದಾಯಿತು. ಆಮೇಲೆ, ಪರಿಚಯವಿಲ್ಲದವರ ಮನೆಗೆ ಬಂದವರ ಸಂಕೋಚದ ದನಿಯಲ್ಲಿ ಕೇಳಿದರು:

“ಶಕುಂತಲಾ ಅದಾರೇನ್ರಿ?”

ಆ ಮನೆಯ ಬಾಗಿಲನ್ನು ಒಳಗಿನಿಂದ ತೆಗೆಯುವುದು ಇನ್ನೂ ನನ್ನ ಕೈಗೆ ರೂಢಿಯಾಗಿರಲಿಲ್ಲ. ಸ್ವಲ್ಪ ಹೊತ್ತು ಹಿಡಿಯಿತು.